ಟಿಕೇಟಿನ ಹಿಂದೆ ಬರೆದ ಬಾಕಿ

ಕಲ್ಲಹಳ್ಳಿಯ ಹಿಟ್ಟಿನ ಗಿರಣಿ, ಅದರ ಮೇಲಿನ ಕೋಣೆ.
ಒಂಬತ್ತಕ್ಕೆ ಗಿರಣಿ ನಿಂತ ಮೇಲೆಯೇ ನನ್ನ ಕೆಲಸ.
ಅದು ತಿರುಗುವಾಗ ರಾಗಿಯ ಜತೆ
ವೋಲ್ಟೇಜೂ ಪುಡಿಯಾಗುತ್ತದೆ.

ಶಾಮಿಯಾನದ ಬೋರೇಶ ಎರಡು ದಿನಕ್ಕೆಂದು ಕೊಟ್ಟ ಡಿಜೆ ಪೆಟ್ಟಿಗೆ:
ಎರಡು ತಟ್ಟೆ, ನಡುವೆ ಅತ್ತಿತ್ತ ಜಾರುವ ಒಂದು ಗುಬಟು,
ತಟ್ಟೆಯ ಅಂಚಿಗೆ ಯಾರದೋ ಮದುವೆಯ ಅರಿಶಿನ.

ಈ ತಟ್ಟೆಯ ಮೇಲೆ ರೆಕಾರ್ಡಿಲ್ಲ, ಮುಳ್ಳೂ ಇಲ್ಲ.
ಇರುವುದು ನಂಜುಮಣಿ ಚಿಕ್ಕಮ್ಮನ ಒಂದು ಮಾತು,
ಮಂಡ್ಯ–ಬಸರಾಳು–ನಾಗಮಂಗಲ ಬಸ್ಸಿನಲ್ಲಿ
ಆಕೆಗೆ ಗೊತ್ತಾಗದ ಹಾಗೆ ಫೋನಲ್ಲಿ ಹಿಡಿದದ್ದು:
"ಮುಂದಕ್ ಹೋಗ್ರಪ್ಪಾ, ಮುಂದಕ್ ಹೋಗಿ."

ಬೆರಳಿಟ್ಟು ಹಿಂದೆಳೆದರೆ
ಮುಂದಕ್ ಎಂಬುದು ಕ್ದಂಮು.
ತಳ್ಳಿದರೆ ಮತ್ತೆ ಮುಂ, ಮುಂ, ಮುಂದ,
ಕರು ಕೆಚ್ಚಲಿಗೆ ಗುದ್ದಿದ ಹಾಗೆ.
ಕಿವಿಗೆ ಸರಿಯಾಗಿದೆ. ಕೈಯೂ ತಿಂಗಳಿಂದ ಕಲಿತಿದೆ.

ತೊಡಕಿರುವುದು ದಾಟಿಸುವುದರಲ್ಲಿ.
ತಟ್ಟೆ ತಿರುಗಿಸುವ ಸಾಫ್ಟ್‌ವೇರು ಒಂದು,
ಹಾಡು ಕಟ್ಟುವ ಸಾಫ್ಟ್‌ವೇರು ಇನ್ನೊಂದು;
ಒಂದೇ ಲ್ಯಾಪ್‌ಟಾಪಿನೊಳಗೆ ಒಂದೇ ಗೋಡೆಗೆ ಬೆನ್ನು ಕೊಟ್ಟು
ಬದು ಒತ್ತಿದ ದಾಯಾದಿಗಳ ಹಾಗೆ ಮಾತು ಬಿಟ್ಟಿವೆ.
ಇದು ಸೌಂಡ್ ಕಾರ್ಡು ಹಿಡಿದರೆ ಅದು ಮೂಕ,
ಅದು ಹಿಡಿದರೆ ಇದರ ತಟ್ಟೆ ತಿರುಗಿಯೂ ಸದ್ದಿಲ್ಲ.

ಇಲ್ಲದ ತಂತಿಯೊಂದನ್ನು ಒಳಗೊಳಗೇ ಎಳೆದೆ, ಅದಕ್ಕೂ ಒಂದು ಸಾಫ್ಟ್‌ವೇರು.
ಬಂದದ್ದು ಪ್ರತಿಧ್ವನಿ, ಆ ಪ್ರತಿಧ್ವನಿಯ ಪ್ರತಿಧ್ವನಿ,
ಹೋಗಿ ಹೋಗಿ ಹೋಗಿ ಹೋಗಿ
ಬಸ್ಸಿಗೆ ಬಸ್ಸೇ ಬಾವಿಗೆ ಬಿದ್ದಂತೆ.
ಕೊನೆಗೆ ಪೇಟೆಬೀದಿಯ ಅರವತ್ತು ರೂಪಾಯಿಯ ನಿಜದ ತಂತಿ:
ಪೆಟ್ಟಿಗೆಯ ಬೆನ್ನಿಂದ ಹೊರಟು
ತಮ್ಮನ ಹಳೇ ಕಂಪ್ಯೂಟರಿನ ಕಿವಿಗೆ.

ಕೆಂಪು ಗುಂಡಿ ಒತ್ತಿದೆ.
ಪರದೆಯ ಮೇಲೆ ಕಂಬಳಿಹುಳು ತೆವಳಿತು.
ಹತ್ತಿರ ಹೋಗಿ ನೋಡಿದರೆ ತಾಳದ ಗೆರೆಗೆ
ಪ್ರತಿ ಗೀರೂ ನಲವತ್ತು ಮಿಲಿಸೆಕೆಂಡು ತಡ.
ಎಷ್ಟು ಮಹಾ. ರೆಪ್ಪೆ ಬಡಿಯುವಷ್ಟೂ ಅಲ್ಲ.
ಆದರೂ ಕತ್ತಲಲ್ಲಿ ಇಳಿಯುವವನಿಗೆ ಒಂದು ಮೆಟ್ಟಿಲು ಕಮ್ಮಿ.
ಟಿಕೇಟಿನ ಹಿಂದೆ ಪೆನ್ನಲ್ಲಿ ಗೀಚಿಕೊಡುವ ಬಾಕಿಯ ಹಾಗೆ,
ಇಳಿಯುವಾಗ ಕೇಳಬೇಕು.
ಕೇಳಲು ನೆನಪಿರಬೇಕು.

ಹತ್ತೂವರೆಗೆ ಬಂದಳು ಚಿಕ್ಕಮ್ಮ, ಡಿಪೋಗೆ ಕಲೆಕ್ಷನ್ ಕಟ್ಟಿ,
ಚೀಲ ಇಳಿಸಿ, ಖಾಕಿ ಶರಟಿನ ಮೇಲಿನ ಗುಂಡಿ ಬಿಚ್ಚಿ.
ತಪ್ಪೊಪ್ಪಿಕೊಂಡೆ. ಹೆಡ್‌ಫೋನು ಕೊಟ್ಟೆ.
ಕೇಳಿದಳು. ನಗಲಿಲ್ಲ.
"ಇದು ನಾನಲ್ಲ ಕಣ್ ಮಗ,
ಏರಲ್ಲಿ ಗೇರು ಸಿಗ್ದೆ ಒದ್ದಾಡೋ ನಮ್ ಡ್ರೈವರು."
ಸ್ವಲ್ಪ ಹೊತ್ತು ಬಿಟ್ಟು:
"ಇಪ್ಪತ್ತೊಂದು ವರ್ಸದಿಂದ ಹೇಳ್ತಾ ಇವ್ನಿ, ಮುಂದಕ್ ಹೋಗಿ ಅಂತ.
ಒಬ್ರಾದ್ರೂ ಹೋಗವ್ರಾ? ಬಾಗ್ಲಲ್ಲೇ ನಿಂತ್ಕತರೆ."

ಹೆಬ್ಬೆರಳು ನಾಲಿಗೆಗೆ ತಾಗಿಸಿದಳು. ಹಳೇ ಚಾಳಿ,
ಕಾಗದದ ಟಿಕೇಟು ಹೋಗಿ ಮಿಷನ್ ಬಂದು ಎಷ್ಟು ಕಾಲವಾಯಿತು.
ತಟ್ಟೆಯ ಮೇಲಿಟ್ಟಳು, ಎಳೆದಳು,
ಕಟ್ಟಿನಿಂದ ಹರಿಯುವ ಹಾಗೆ, ಮಣಿಕಟ್ಟು ಒಂದೇ ಸಲ ತಿರುವಿ.
ಇನ್ನೊಂದು. ಐದು ಫುಲ್ಲು, ಎರಡು ಹಾಫು,
ಕೋಳಿ ಇದ್ದರೆ ಅದಕ್ಕೆ ಬೇರೆ.
ನನ್ನ ಕಲಿತ ಕೈ ಮಡಿಲಲ್ಲಿ ಸುಮ್ಮನೆ ಕೂತಿತ್ತು.
ಕೆಂಪು ಗುಂಡಿ ಉರಿಯುತ್ತಲೇ ಇತ್ತು; ಆರಿಸಲು ಮರೆತಿದ್ದೆ.

ಮಲಗಿದಳು. ಐದೂ ಹತ್ತಕ್ಕೆ ಮೊದಲ ಟ್ರಿಪ್ಪು.
ನಾನು ಎಳೆದವನ್ನೆಲ್ಲ ಮೌಸಿನಲ್ಲಿ ಹಿಡಿದು
ನಲವತ್ತು ನಲವತ್ತು ಹಿಂದಕ್ಕೆ ನೂಕಿದೆ.
ಅವಳದಕ್ಕೂ ಕೈ ಹಾಕಿ, ಹಿಗ್ಗಿಸಿ ನೋಡುತ್ತೇನೆ:
ಗೆರೆಯ ಮೇಲೇ ಕೂತಿದೆ, ಒಂದೊಂದೂ.
ಬಸ್ಸು ನಿಲ್ಲುವ ಮೊದಲೇ ಸೀಟಿ ಊದಿ ಊದಿ
ತಡವನ್ನು ಮುಂಗಡವಾಗಿ ಕಳೆದುಬಿಟ್ಟಿದ್ದಾಳೆ.

ಬೆಳಗ್ಗೆ ಬೋರೇಶ ಪೆಟ್ಟಿಗೆಗೆ ಬರುತ್ತಾನೆ.
ತಟ್ಟೆಯ ಮೇಲೆ, ಅರಿಶಿನಕ್ಕೆ ಸ್ವಲ್ಪ ಪಕ್ಕ,
ಒಂದು ಹೆಬ್ಬೆಟ್ಟು.
ಇನ್ನೂ ಒಣಗಿಲ್ಲ.